ಅಕ್ಕ ಸೈಕಲ್ ಕಲಿತ ನಾಲೆ ಏರಿ

ಆಗೆಲ್ಲ ನಮ್ಮೂರಲ್ಲಿ ಸೈಕಲ್ಲಿಗೆ ಎರಡು ಥರದ ದಾರಿ ಇದ್ದವು. ಒಂದು ಕೂತುಕೊಂಡು ಹೋಗುವ ದಾರಿ, ಇನ್ನೊಂದು ಇಳಿದು ತಳ್ಳಿಕೊಂಡು ಹೋಗುವ ದಾರಿ. ಯಾವುದು ಯಾವುದೆಂದು ಯಾರೂ ಬೋರ್ಡು ಬರೆಸಿ ನೆಟ್ಟಿರಲಿಲ್ಲ. ಬೋರ್ಡಿಲ್ಲದೆಯೂ ನಮ್ಮಪ್ಪನ ಕಾಲಿಗೆ ಅದು ಗೊತ್ತಿತ್ತು. ಮೇಲಿನ ಬೀದಿಯ ಮೊದಲ ಮನೆ ಕಾಣುತ್ತಿದ್ದ ಹಾಗೆ ಅವನ ಬಲಗಾಲು ತಾನಾಗಿ ಸೀಟಿನ ಮೇಲಿಂದ ಈಚೆಗೆ ಬರುತ್ತಿತ್ತು. ಬೀದಿ ಮುಗಿಯುವ ತನಕ ತಳ್ಳಿಕೊಂಡು ನಡೆದು, ಕೊನೇ ಮನೆಯ ಹಿತ್ತಿಲು ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದ. ಮಳೆ ಬರಲಿ, ಜ್ವರ ಇರಲಿ, ಹಾಗೇ. "ಯಾಕಪ್ಪಾ ಇಳೀತೀಯ?" ಎಂದು ಒಮ್ಮೆ ಕೇಳಿದ್ದಕ್ಕೆ, "ಕಾಲು ನೋಯ್ತದ ಕಣಮ್ಮಿ, ಅದ್ಕೆ ನಡ್ಕ ಬತ್ತೀನಿ" ಅಂದಿದ್ದ. ಕಾಲು ನೋಯುವವರು ಸೈಕಲ್ ಇಳಿದು ನಡೆಯುತ್ತಾರೆಯೇ ಎಂದು ಕೇಳುವಷ್ಟು ಬುದ್ಧಿ ನನಗಿನ್ನೂ ಬಂದಿರಲಿಲ್ಲ.

ಊರು ಚಾಮರಾಜನಗರ ತಾಲ್ಲೂಕಿನದು. ಹೆಸರು ಬೇಡ, ಹೇಳಿದರೆ ಮುಖ ಗಂಟಿಕ್ಕುವವರು ಇವತ್ತೂ ಅಲ್ಲಿದ್ದಾರೆ, ಅವರ ಮನೆ ಮದುವೆಗೆ ನನಗೆ ಕಾಗದವೂ ಬರುತ್ತದೆ. ನಾವಿದ್ದದ್ದು ಊರಾಚೆಯ ಕೇರಿಯಲ್ಲಿ. ಅವ್ವನ ತೌರು ಹರವೆ ಕಡೆ. ಅಲ್ಲಿಯವರು ಬೆಳೆಗೆ ಮೋಡ ನೋಡಬೇಕು. ನಮ್ಮೂರಿಗೆ ನಾಲೆ ಇತ್ತು. ನಾಲೆ ನೀರಿಗೆ ಭತ್ತ, ಕಬ್ಬು, ಅರಿಶಿನ ಎಲ್ಲ ಬೆಳೆಯುತ್ತಿತ್ತು, ಆದರೆ ಅದರಲ್ಲಿ ಒಂದು ಗುಂಟೆಯೂ ಕೇರಿಯವರದಲ್ಲ. ನಮ್ಮದು ಅಂತ ಇದ್ದದ್ದು ನಾಲೆಯ ಏರಿ ಮಾತ್ರ. ಅದು ಸರ್ಕಾರದ್ದು, ಅಂದರೆ ಯಾರದ್ದೂ ಅಲ್ಲ, ಹಾಗಾದರೆ ನಮ್ಮದೇ ಎಂದು ನಾವು ಹುಡುಗರು ತೀರ್ಮಾನ ಮಾಡಿಕೊಂಡಿದ್ದೆವು.

ಅಪ್ಪ ನಾಲೆ ಕೆಲಸದ ಗ್ಯಾಂಗಿನಲ್ಲಿ ಕೂಲಿಯವನು. ಹೂಳೆತ್ತುವುದು, ಕುಸಿದ ಕಡೆ ಮಣ್ಣು ತುಂಬುವುದು, ತೂಬಿನ ಬಾಗಿಲಿಗೆ ಗ್ರೀಸು ಬಳಿಯುವುದು ಅವನ ಕೆಲಸ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದು ನಾಲೆಗೆ ನೀರು ನಿಲ್ಲಿಸಿದ ಮೇಲೆ, ಏರಿ ಉದ್ದಕ್ಕೂ ಗರಸು ಹೊಡೆಸಿದರು. ದೊಡ್ಡ ಸಾಹೇಬರ ಜೀಪು ನಾಲೆ ನೋಡಲು ಬರುತ್ತದಂತೆ, ಕೆಸರಲ್ಲಿ ಹೂತುಕೊಳ್ಳಬಾರದಂತೆ. ಅಪ್ಪ ಮತ್ತವನ ಜೊತೆಯವರು ಗರಸನ್ನು ಮಂಕರಿಯಲ್ಲಿ ತಲೆ ಮೇಲೆ ಹೊತ್ತು ಸುರಿದು, ಹರಡಿ, ದಮ್ಮಸು ಹಾಕಿದರು. ಅಪ್ಪನ ನೆತ್ತಿಯಲ್ಲಿ ಮಂಕರಿ ಕೂರುವಷ್ಟಗಲ ಕೂದಲೇ ಸವೆದುಹೋಗಿತ್ತು. ಜೀಪು ಒಂದು ಸಲ ಬಂತು. ಸಾಹೇಬರು ಕೆಳಗಿಳಿಯದೆ ನೋಡಿಕೊಂಡು ಹೋದರು. ಆಮೇಲೆ ಆ ರಸ್ತೆಗೆ ಯಾವ ಗಾಡಿಯೂ ಬರಲಿಲ್ಲ. ಲಾರಿಗೆ ಅಗಲ ಸಾಲದು, ಎತ್ತಿನ ಗಾಡಿಯವರಿಗೆ ಲಾಳ ಸವೆಯುತ್ತದೆಂದು ಭಯ.

ಉಳಿದದ್ದು ನಾವು, ಮತ್ತು ಅಪ್ಪನ ಸೈಕಲ್ಲು. ಕೆಂಪು ಗರಸಿನ ಮೇಲೆ ಅದು ಹೋಗುವಾಗ ಚರಚರ ಎಂದು ಹುರಿಗಡಲೆ ಅಗಿದ ಹಾಗೆ ಸದ್ದು. ಒಂದು ಕಡೆ ನಾಲೆಯ ಗುಂಡಿಗಳಲ್ಲಿ ನಿಂತ ನೀರು, ಅದರಲ್ಲಿ ಸಿಕ್ಕಿಹಾಕಿಕೊಂಡ ಸಣ್ಣ ಮೀನು, ಅವನ್ನು ಬಗ್ಗಿ ಹಿಡಿಯುವ ನಮ್ಮ ಹುಡುಗರು. ಇನ್ನೊಂದು ಕಡೆ ಕೆಳಗೆ ಕಬ್ಬು, ಅರಿಶಿನ. ಮೋಡವಿಲ್ಲದ ಬೆಳಿಗ್ಗೆ ಬಹಳ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಅಪ್ಪ ಆ ಏರಿಯ ಮೇಲೆ ಸೈಕಲ್ ಹೊಡೆಯುವಾಗ ಹಾಡು ಗುನುಗುತ್ತಿದ್ದ. ಬೀದಿಯಲ್ಲಿ ಅವನ ಹಾಡನ್ನು ನಾನು ಕೇಳಿಲ್ಲ.

ನನಗೆ ಒಬ್ಬಳೇ ಅಕ್ಕ. ಅವಳು ದೊಡ್ಡತಾಯಿ, ನಾನು ಚಿಕ್ಕತಾಯಿ. ಅವಳು ಏಳನೇ ಕ್ಲಾಸು ಮುಗಿಸುವುದರಲ್ಲಿದ್ದಳು. ಹೈಸ್ಕೂಲು ಇದ್ದದ್ದು ಹೋಬಳಿ ಊರಲ್ಲಿ. ಕೇರಿಯ ಹೆಣ್ಣುಮಕ್ಕಳು ಅಲ್ಲಿಗೆ ಮೇಲಿನ ಬೀದಿ ಹಾದು ನಡೆದುಹೋಗಬೇಕಿತ್ತು. ಜಗಲಿ ಮೇಲೆ ಕೂತ ಹುಡುಗರು ಹೆಣ್ಣುಮಕ್ಕಳ ಚೀಲಕ್ಕೆ ಸಗಣಿ ಉಂಡೆ ಹೊಡೆಯುವ ಆಟ ಆಡುತ್ತಿದ್ದರು. ಆ ಆಟಕ್ಕೆ ಹೆದರಿ ಹಿಂದಿನವರೆಲ್ಲ ಏಳಕ್ಕೇ ನಿಂತಿದ್ದರು. ಆದರೆ ನಾಲೆ ಏರಿ ಊರನ್ನು ಹೊರಗಿನಿಂದಲೇ ಸುತ್ತಿ ಹೋಬಳಿಗೆ ಹೋಗುತ್ತದೆ. ಸುತ್ತು ಜಾಸ್ತಿ, ಸೈಕಲ್ ಇದ್ದರೆ ಆದೀತು. ಅಪ್ಪ ಅಕ್ಕನಿಗೆ ಹೇಳಿದ, "ಇಸ್ಕೂಲು ತೆಗಿಯಾದ್ರೊಳಗೆ ಸೈಕಲ್ ಕಲ್ತ್ರೆ ಕಳಿಸ್ತೀನಿ. ಇಲ್ಲ ಅಂದ್ರೆ ನಿಮ್ಮವ್ವನ ಜೊತೆ ಕಳೆ ಕೀಳಾಕೆ ಓಗು."

ಅವಳು ಕಲಿತ ರೀತಿ ನೋಡಬೇಕಿತ್ತು. ಗಂಡಸರ ಸೈಕಲ್ಲು, ಸೀಟು ಅವಳ ಎದೆಗೆ ಬರುತ್ತಿತ್ತು. ಬಾರಿನ ಒಳಗಿಂದ ಕಾಲು ತೂರಿಸಿ ಅರ್ಧ ಪೆಡ್ಲು ಹೊಡೆಯಬೇಕು. ಗರಸಿನ ಮೇಲೆ ಬಿದ್ದರೆ ಚರ್ಮ ಅಲ್ಲೇ ಉಳಿಯುತ್ತದೆ. ಬಿದ್ದಾಗಲೆಲ್ಲ ಕೇರಿಯ ಹುಡುಗರು ನೆಲಕ್ಕೆ ಉರುಳಿ ನಗುತ್ತಿದ್ದರು, ನಮ್ಮಲ್ಲಿ ಕನಿಕರ ತೋರಿಸುವ ರೂಢಿ ಇರಲಿಲ್ಲ. ಅತ್ತವರಿಗೆ ಅವತ್ತಿನ ಸರದಿ ಇಲ್ಲ ಅನ್ನುವುದು ಕಾನೂನು. ಅಕ್ಕ ಅಳಲಿಲ್ಲ. ಸಾಯಂಕಾಲ ಒಲೆ ಮುಂದೆ ಕೂತು ಮಂಡಿಯೊಳಗೆ ಸೇರಿಕೊಂಡ ಗರಸನ್ನು ಪಿನ್ನಿನಿಂದ ಒಂದೊಂದೇ ಕಿತ್ತು ನನ್ನ ಕೈಗೆ ಹಾಕುತ್ತಿದ್ದಳು. ಅವ್ವ ಹಸಿ ಅರಿಶಿನ ತೇಯ್ದು ಬಳಿದು, "ಮದ್ವೆಗೆ ಮೊದ್ಲೇ ಅರ್ಸ್ನ ಆಯ್ತು ಬುಡು ನಿಂಗೆ" ಎಂದು ಬೈಯುತ್ತಿದ್ದಳು. ಆಮೇಲೆ ಮುದ್ದೆ, ಹುರುಳಿ ಬಸ್ಸಾರು. ಅಕ್ಕ ಕಾಲು ಚಾಚಿಕೊಂಡೇ ಉಣ್ಣುತ್ತಿದ್ದಳು.

ಬೇಸಿಗೆ ಬಲಿಯುವಷ್ಟರಲ್ಲಿ ಅವಳು ಸೀಟಿನ ಮೇಲೆ ಕೂತು ಹೊಡೆಯತೊಡಗಿದಳು. ಆಮೇಲೆ ನನ್ನನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು. ಆ ಸೈಕಲ್ಲಿನ ಬ್ರೇಕಿಗೆ ರಬ್ಬರೇ ಇರಲಿಲ್ಲ, ಬೆಲ್ಲು ಮಾತ್ರ ಹೊಸದು. ಇಳಿಯುವುದಕ್ಕೆ ಅಕ್ಕನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಏರಿಯಿಂದ ಕೇರಿಗೆ ಇಳಿಯುವ ತಿರುವಿನಲ್ಲಿ ಒಂದು ಮೋರಿ ಕಟ್ಟೆ ಇತ್ತು. ಪೆಡ್ಲು ನಿಲ್ಲಿಸಿ, ತಾನಾಗಿ ನಿಧಾನವಾಗಲು ಬಿಟ್ಟು, ಆ ಕಟ್ಟೆಯ ಮೇಲೆ ಒಂದು ಕಾಲು ಊರುವುದು. ಅಂಥ ಕಟ್ಟೆ ಇಲ್ಲದ ಕಡೆ ಇಳಿಯಲು ಅವಳಿಗೆ ಬರುತ್ತಿರಲಿಲ್ಲ. ಏರಿಯ ಮೇಲೆ ಅದರ ಅಗತ್ಯವೇ ಬೀಳುತ್ತಿರಲಿಲ್ಲವಲ್ಲ, ಯಾರು ಕಂಡರೆ ಇಳಿಯಬೇಕು? ಹೋಗುವಾಗಲೂ ಬರುವಾಗಲೂ ಎದುರಿಗೆ ಬರೀ ಕೊಕ್ಕರೆ.

ಅದೇ ಕಾಲಕ್ಕೆ ಊರಲ್ಲಿ ಅರಿಶಿನ ಬೇಯಿಸುವ ಸುಗ್ಗಿ. ಗದ್ದೆಬದಿಯಲ್ಲಿ ಕೊಪ್ಪರಿಗೆ ಹೂಡಿ ಅರಿಶಿನ ತುಂಬಿ, ಕಬ್ಬಿನ ಸೋಗೆ ಉರಿ ಹಾಕುತ್ತಿದ್ದರು. ಆ ಹಬೆಯ ಘಾಟು ಊರಿಗೂ ಕೇರಿಗೂ ಒಂದೇ ಥರ ಅಡರುತ್ತಿತ್ತು. ಅತಿ ದೊಡ್ಡ ಕೊಪ್ಪರಿಗೆ ದೊಡ್ಡಮನೆಯ ಗುರುಮಲ್ಲಪ್ಪನವರದು. ಮೇಲಿನ ಬೀದಿಯಲ್ಲಿ ಅವರ ಮಾತೇ ಕೊನೆ. ಅವರು ಯಾರ ಮೇಲೂ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ನಾವು ಸೋಗೆ ಹೊತ್ತು ತಂದರೆ ಬೂದಿಯಲ್ಲಿ ಸುಟ್ಟ ಗೆಣಸು ಕೊಡುತ್ತಿದ್ದರು. ಬಿಸಿ ಗೆಣಸನ್ನು ಮೇಲಿಂದ ನಮ್ಮ ಅಂಗೈಗೆ ಬಿಡುತ್ತಿದ್ದರು. ಕೈ ಸುಟ್ಟು ನಾವು ಕುಣಿದರೆ ಅವರಿಗೆ ನಗು. "ಊದ್ಕಂಡು ತಿನ್ನಿ ಮಕ್ಳೇ" ಅನ್ನುತ್ತಿದ್ದರು. ಆ ಗೆಣಸು ಬಹಳ ರುಚಿಯಾಗಿತ್ತು, ಸುಳ್ಳು ಹೇಳಬಾರದು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅಪ್ಪ ಅಕ್ಕನಿಗೆ ರಾಗಿ ಚೀಲ ಕೊಟ್ಟು, "ಓಬ್ಳಿ ಮಿಷನ್ನಿಗೆ ಓಗಿ ಇಟ್ಟು ಮಾಡಿಸ್ಕಂಡು ಬಾ. ಬೀಳ್ದೆ ಬಂದ್ರೆ ನೀ ಪಾಸು" ಅಂದ. ನಾನೂ ಹಿಂದೆ ಕೂತೆ. ಹೋದೆವು, ಮಿಷನ್ನಿನ ಮುಂದಿನ ಕಟ್ಟೆಗೆ ಕಾಲು ಊರಿ ಇಳಿದೆವು, ಹಿಟ್ಟು ಮಾಡಿಸಿದೆವು, ಬೆಚ್ಚಗಿನ ಚೀಲವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿದೆವು. ಹೈಸ್ಕೂಲಿನ ಗೇಟಿನ ಮುಂದೆ ಅಕ್ಕ ಬೇಕೆಂದೇ ಬೆಲ್ ಹೊಡೆದಳು. ರಜೆ, ಒಳಗೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅವಳ ಜಡೆ ನನ್ನ ಮುಖಕ್ಕೆ ಬಡಿಯುತ್ತಿತ್ತು. "ಎಂಟ್ನೇ ಕ್ಲಾಸಿಗೆ ನೀನೂ ಬರೂವಂತೆ, ಇಬ್ರೂ ಓಗನ" ಎಂದು ಏನೇನೋ ಹೇಳುತ್ತಿದ್ದಳು. ನಾನು ಎಂಟಕ್ಕೆ ಬರುವ ಹೊತ್ತಿಗೆ ತಾನು ಹತ್ತು ಮುಗಿಸಿರುತ್ತೇನೆ ಅನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೇರಿಯ ತಿರುವಿಗೆ ಬಂದು ನೋಡಿದರೆ ಮೋರಿ ಕಟ್ಟೆಯ ಬುಡದಿಂದ ಹಿಡಿದು ಕೇರಿಯ ಇಳಿಜಾರಿನ ತುಂಬ ಅರಿಶಿನ ಒಣಹಾಕಿದ್ದರು. ಬೆಳಿಗ್ಗೆ ನಾವು ಹೋಗುವಾಗ ಇರಲಿಲ್ಲ. ಗರಸಿನ ನೆಲ ಬಿಸಿಯಾಗಿ ಚೆನ್ನಾಗಿ ಒಣಗುತ್ತದೆಂದು ದೊಡ್ಡಮನೆಯವರು ತಂದು ಹರಡಿದ್ದರು. ಕಟ್ಟೆಗೆ ಕಾಲು ಊರಬೇಕಾದರೆ ಅದರ ಮೇಲೆ ಹಾಯಬೇಕು.

"ಅರ್ಸ್ನ ಕಣಮ್ಮಿ, ದೊಡ್ಮನೇದು" ಅಂದಳು ಅಕ್ಕ. ಅವಳ ಬೆನ್ನು ಬಿಗಿಯಾದದ್ದು ನನಗೆ ಗೊತ್ತಾಯಿತು.

"ಇಳಿಯಕ್ಕ."

"ಇಳಿಯಾಕೆ ಬರಾಕಿಲ್ಲ ಕಣಮ್ಮಿ ನಂಗೆ."

ಊರಿನ ಬೇರೆ ಯಾವ ಮಗುವಾದರೂ ಅರಿಶಿನದ ಮೇಲೆ ಹಾಯಿಸಿ ಬೈಸಿಕೊಳ್ಳುತ್ತಿತ್ತು. ಮೇಲಿನ ಬೀದಿಯವರು ಒಣಹಾಕಿದ ಪದಾರ್ಥವನ್ನು ನಮ್ಮ ನೆರಳು ಸೋಕಿದರೂ ಏನಾಗುತ್ತದೆಂದು ನಮಗೆ ಎದೆಹಾಲಿನ ಜೊತೆಗೇ ಕುಡಿಸಿದ್ದರು. ಅಕ್ಕ ಅರಿಶಿನ ಉಳಿಸಲು ಹ್ಯಾಂಡಲ್ಲನ್ನು ಇನ್ನೊಂದು ಕಡೆಗೆ ತಿರುಗಿಸಿದಳು. ಇನ್ನೊಂದು ಕಡೆ ಇದ್ದದ್ದು ಮೇಲಿನ ಬೀದಿಗೆ ಇಳಿಯುವ ಜಾರು.

ಆ ಬೀದಿಯನ್ನು ನಾನು ಕೂತು ನೋಡಿದ್ದು ಅದೇ ಮೊದಲು. ಜಗಲಿಗಳೆಲ್ಲ ಇದ್ದಕ್ಕಿದ್ದಂತೆ ನನ್ನ ಕಣ್ಣಿನ ಮಟ್ಟಕ್ಕೆ ಬಂದವು. ಗುರುಮಲ್ಲಪ್ಪನವರು ಟೀ ಲೋಟ ಹಿಡಿದಿದ್ದರು, ಲೋಟ ಬಾಯಿಗೆ ಹೋಗಲಿಲ್ಲ. ಅಷ್ಟರಲ್ಲಿ ಯಾರದೋ ಮನೆಯ ಅಂಬೆಗಾಲಿನ ಕೂಸು ಬೀದಿ ನಡುವೆ ಬಂದುಬಿಟ್ಟಿತು. ಅಕ್ಕ ಬೆಲ್ ಹೊಡೆದಳು. ಬಿಡದೆ ಹೊಡೆದಳು. ಒಬ್ಬ ಹೆಂಗಸು ಓಡಿ ಬಂದು ಕೂಸನ್ನು ಎತ್ತಿಕೊಂಡಳು. ನಾವು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬೆಲ್ ಹೊಡೆಯುತ್ತ, ಕೂತುಕೊಂಡೇ ಹೋಗಿ, ಕೊನೇ ಮನೆಯ ಹುಲ್ಲಿನ ಮೆದೆಗೆ ಗುದ್ದಿ ನಿಂತೆವು. ಹಿಟ್ಟಿನ ಚೀಲ ಒಡೆದು ಇಬ್ಬರ ಮೈಯೆಲ್ಲ ಬೂದು ಬಣ್ಣವಾಯಿತು. ಯಾರೂ ಬೈಯಲಿಲ್ಲ. ಒಬ್ಬರೂ ಹತ್ತಿರ ಬರಲಿಲ್ಲ. ಅಕ್ಕ ಸೈಕಲ್ ಎತ್ತಿಕೊಂಡು, ತಳ್ಳಿಕೊಂಡು, ಹಿತ್ತಿಲ ಹಿಂದಿನಿಂದ ಕೇರಿಗೆ ಬಂದಳು.

ಅಪ್ಪನಿಗೆ ಹೇಳಿಕಳಿಸಿದ್ದು ಮಾರನೇ ಬೆಳಿಗ್ಗೆ. "ಸೈಕಲ್ ತಕ್ಕಂಡು ಬರ್ಬೇಕಂತೆ" ಎಂದು ಬಂದವನು ಹೇಳಿದ. ಅಪ್ಪ ಒಗೆದ ಅಂಗಿ ಹಾಕಿಕೊಂಡ. ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋದ. ದೊಡ್ಡಮನೆಯ ಜಗಲಿ ಮೇಲೆ ಆರೇಳು ಜನ ಕೂತಿದ್ದರು. ನಾವು ಕೆಳಗೆ ಬೀದಿಯಲ್ಲಿ ನಿಂತೆವು.

"ಉಂಡಾ ನಂಜ?" ಎಂದು ಗುರುಮಲ್ಲಪ್ಪನವರು ಶುರು ಮಾಡಿದರು.

"ಊಂ ಬುದ್ದಿ."

"ಸೈಕಲ್ಲು ಚೆಂದಾಗಿ ಓಡ್ತದ ಅನ್ನು. ಬೆಲ್ಲೂ ಚೆಂದಾಗದ."

"ತಪ್ಪಾಯ್ತು ಬುದ್ದಿ. ಮಗೀಗೆ ಇಳಿಯಾಕೆ ಬರಾಕಿಲ್ಲ. ತಮ್ಮ ಅರ್ಸ್ನ ತುಳೀಬಾರ್ದು ಅಂತ ಇತ್ತಗೆ ತಿರುಗ್ಸ್ಬುಟ್ಟವ್ಳೆ."

"ಅದು ಕೇಳಿ ನಂಗೆ ಸಂತೋಸ ಆಯ್ತು ಕಣ್ಲಾ. ಬುದ್ವಂತೆ ನಿನ್ ಮಗ್ಳು. ಆದ್ರೂ ಒಂದು ಮಾತು. ಅರ್ಸ್ನ ತುಳ್ದಿದ್ರೆ ನಾನು ತೊಳ್ದು ಇನ್ನೊಂದು ಕಿತ ಬೇಯಿಸ್ಕತಿದ್ದೆ. ಬೀದಿಯ ಬೇಯ್ಸಾಕಾದದಾ?"

ಜಗಲಿಯ ಮೇಲೆ ನಗು ಎದ್ದಿತು. ಅವರು ನಗು ಮುಗಿಯುವ ತನಕ ಕಾದರು.

"ಒಡಿಯಾದು ಬ್ಯಾಡ, ತಪ್ಪು ದಂಡ ಕಟ್ಟಾದೂ ಬ್ಯಾಡ. ಇಷ್ಟು ದಿನ ನೀನು ಸೈಕಲ್ ಮ್ಯಾಲೆ ಕೂತಿದ್ದೀಯ. ಇವತ್ತೊಂದಿನ ಸೈಕಲ್ಲು ನಿನ್ ಮ್ಯಾಲೆ ಕೂತ್ಕಳ್ಳಲಿ. ನ್ಯಾಯ ಅಲ್ವಾ? ಈ ತುದಿಯಿಂದ ಆ ತುದಿಗೆ. ಎತ್ಕೊ."

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಸಿಂಬಿ ಸುತ್ತಿದ. ಗರಸು ಹೊರಲು ಸುತ್ತುತ್ತಿದ್ದನಲ್ಲ, ಅದೇ ಥರ ಅಚ್ಚುಕಟ್ಟಾಗಿ. ಸೈಕಲ್ಲನ್ನು ಎತ್ತಿ ನೆತ್ತಿಯ ಮೇಲಿಟ್ಟುಕೊಂಡ. ಹೆಜ್ಜೆ ಇಟ್ಟಾಗಲೆಲ್ಲ ಪೆಡ್ಲು ತಿರುಗಿ ಅವನ ಕಿವಿಗೆ ಬಡಿಯುತ್ತಿತ್ತು. ಚೈನಿನ ಎಣ್ಣೆ ಒಗೆದ ಅಂಗಿಯ ಮೇಲೆ ಇಳಿಯಿತು. ಕುಲುಕಿದಾಗ ಬೆಲ್ಲು ತಾನಾಗಿ ಟಿಣ್ ಅನ್ನುತ್ತಿತ್ತು. ಜಗಲಿ ಮೇಲಿಂದ ಗುರುಮಲ್ಲಪ್ಪನವರು ಮೆತ್ತಗೆ, "ಬೆಲ್ ಒಡಿಬ್ಯಾಡ ಕಣ್ಲಾ, ಮಕ್ಳು ಮಲ್ಗವೆ" ಅಂದರು. ಅಪ್ಪ ಒಂದು ಕೈಯನ್ನು ಮೇಲೆತ್ತಿ ಬೆಲ್ಲನ್ನು ಹಿಡಿದುಕೊಂಡು ನಡೆದ. ನಾವಿಬ್ಬರೂ ಅವನ ಹಿಂದೆ. ಕೇರಿಯ ಜನ ಬೀದಿಯ ತುದಿಯಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಅಪ್ಪನ ಗ್ಯಾಂಗಿನವನೇ ಒಬ್ಬ ನಗು ತಡೆಯಲಾರದೆ ಬಾಯಿಗೆ ಟವೆಲ್ ಒತ್ತಿಕೊಂಡಿದ್ದ. ಅವನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಅವನು ಸತ್ತು ಎಷ್ಟೋ ಕಾಲವಾಯಿತು, ಆದರೂ ಹೋಗಿಲ್ಲ.

ಒಂದು ವಾರದೊಳಗೆ ಕೇರಿಯ ಹುಡುಗರಿಗೆ ಹೊಸ ಆಟ ಸಿಕ್ಕಿತು. ಒಬ್ಬ ತಲೆ ಮೇಲೆ ಕೋಲು ಹೊತ್ತು ನಡೆಯುವುದು, ಉಳಿದವರು ಟಿಣ್ ಟಿಣ್ ಅನ್ನುವುದು. ನಮ್ಮ ಮನೆ ಮುಂದೆಯೇ ಆಡುತ್ತಿದ್ದರು. ಅಪ್ಪ ಒಳಗೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಸೈಕಲ್ಲನ್ನು ಅವನು ಹಗ್ಗ ಕಟ್ಟಿ ಮನೆಯ ತೊಲೆಗೆ ನೇತುಹಾಕಿದ್ದ. ನಾವು ಮಲಗಿದರೆ ನಮ್ಮ ಮುಖದ ಮೇಲೆಯೇ ಎರಡು ಚಕ್ರ.

ಮುಂಗಾರು ಶುರುವಾಗಿ ಹೈಸ್ಕೂಲು ತೆಗೆದಾಗ ಅಕ್ಕ ಕೇಳಿದಳು. ಒಂದು ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಒಗೆದ ಲಂಗ ಉಟ್ಟು, ಅಪ್ಪನ ಮುಂದೆ ನಿಂತಳು. "ಅಪ್ಪಾ, ಸೈಕಲ್ ಇಳಿಸ್ಕೊಡು. ಏರಿ ಮ್ಯಾಲೇ ಓಯ್ತೀನಿ, ಏರಿ ಮ್ಯಾಲೇ ಬತ್ತೀನಿ. ಬೀದಿಗೆ ಬರಾಕಿಲ್ಲ."

ಅಪ್ಪ ಅವಳ ಮುಖ ನೋಡದೆ, "ಮುಂದಲ ವರ್ಸವೂ ಅಲ್ಲಿ ಅರ್ಸ್ನ ಒಣಾಕ್ತರೆ ಕಣಮ್ಮಿ" ಅಂದ.

ಅಷ್ಟೇ. ಅಕ್ಕ ಲಂಗ ಬದಲಾಯಿಸಿ ಅವ್ವನ ಜೊತೆ ಕಳೆ ಕೀಳಲು ಹೋದಳು. ಹೋದದ್ದು ದೊಡ್ಡಮನೆಯ ಅರಿಶಿನದ ಹೊಲಕ್ಕೆ. ಗುರುಮಲ್ಲಪ್ಪನವರು ಅವಳ ಕೆಲಸವನ್ನು ಹೊಗಳುತ್ತಿದ್ದರಂತೆ. ಎರಡು ಮೂರು ವರ್ಷದಲ್ಲಿ ಅವಳನ್ನು ಗುಂಡ್ಲುಪೇಟೆ ಕಡೆಗೆ ಕೊಟ್ಟರು. ಅಲ್ಲಿ ಚೆಂಡುಹೂವು ಕಿತ್ತಳು, ಗಡಿ ದಾಟಿ ವಯನಾಡಿಗೆ ಶುಂಠಿ ಕೀಳಲು ಜೀಪಿನಲ್ಲಿ ಕುರಿಗಳ ಥರ ತುಂಬಿಕೊಂಡು ಹೋಗಿ ಬಂದಳು. ಅಲ್ಲಿಯವರು ಅವಳನ್ನು ಚೇಚಿ ಅನ್ನುತ್ತಾರೆ. ಹಾಗಂದರೆ ಅಕ್ಕ ಎಂದು ಅವಳು ನನಗೆ ಹೇಳಿಕೊಟ್ಟಾಗ ಅವಳ ಮುಖ ಅರಳಿತ್ತು. ನನ್ನನ್ನು ಅವ್ವ ಹಟ ಹಿಡಿದು ಚಾಮರಾಜನಗರದ ಹಾಸ್ಟೆಲ್ಲಿಗೆ ಹಾಕಿದಳು. ಓದಿದೆ, ಕೆಲಸ ಸಿಕ್ಕಿತು. ಅಪ್ಪ ಹೋದ ಮೇಲೆ ಸೈಕಲ್ಲನ್ನು ತೊಲೆಯಿಂದ ಇಳಿಸಿದೆವು. ಟೈರು ಮುಟ್ಟಿದರೆ ಪುಡಿಯಾಗುತ್ತಿತ್ತು.

ಈಗ ನಾನು ಊರಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಮೇಲಿನ ಬೀದಿಯಲ್ಲಿ ಕೂತುಕೊಂಡೇ ಹೋಗುತ್ತೇನೆ. ಗುರುಮಲ್ಲಪ್ಪನವರ ಮೊಮ್ಮಗ ಅದೇ ಜಗಲಿಯಿಂದ "ಚೆನ್ನಾಗಿದ್ದೀರಾ ಮೇಡಂ" ಅನ್ನುತ್ತಾನೆ. ನಾನೂ ಚೆನ್ನಾಗಿದ್ದೇನೆ ಅನ್ನುತ್ತೇನೆ. ಆ ದಿನಗಳು ಮತ್ತೆ ಬರುವುದಿಲ್ಲ ಎಂದು ಕಣ್ಣೀರಿಟ್ಟು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬರುವುದು ಬೇಡ. ನನಗೆ ವಾಪಸ್ ಬೇಕಾದದ್ದು ಆ ಒಂದು ಬೆಳಿಗ್ಗೆ ಮಾತ್ರ, ಹಿಟ್ಟಿನ ಚೀಲ ತೊಡೆಯ ಮೇಲೆ ಬೆಚ್ಚಗಿದ್ದು, ಅಕ್ಕನ ಜಡೆ ಮುಖಕ್ಕೆ ಬಡಿಯುತ್ತಿದ್ದದ್ದು. ಅದನ್ನು ಯಾರೂ ವಾಪಸ್ ಕೊಡಲಾರರು.

ಹೋದ ವರ್ಷ ಅಕ್ಕ ಬಂದಿದ್ದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಏರಿ ಮೇಲೆ ಹೋದೆವು. ಗರಸು ಇನ್ನೂ ಗಟ್ಟಿಯಾಗಿದೆ. ಮೋರಿ ಕಟ್ಟೆ ಕುಸಿದು ಅಲ್ಲೊಂದು ಕೊರಕಲು ಬಿದ್ದಿದೆ. ಮೈಸೂರು ಕಡೆಯಿಂದ ಹೆಲ್ಮೆಟ್ ಹಾಕಿಕೊಂಡ ಹುಡುಗ ಹುಡುಗಿಯರು ಒಳ್ಳೊಳ್ಳೆ ಸೈಕಲ್ ತಂದಿದ್ದರು. ಈಚೆಗೆ ರಜೆಯ ದಿನ ಹೀಗೆ ಬರುತ್ತಿರುತ್ತಾರೆ. ಕೊರಕಲು ದಾಟಲು ಒಬ್ಬ ಹುಡುಗ ಸೈಕಲ್ಲನ್ನು ತಲೆ ಮೇಲೆ ಎತ್ತಿಕೊಂಡ. ಜೊತೆಯವರು ಕೂಗಿ, ಚಪ್ಪಾಳೆ ಹೊಡೆದು, ಫೋಟೋ ತೆಗೆದರು. ಫೋಟೋ ಸರಿ ಬರಲಿಲ್ಲವೆಂದು ಅವನು ಇನ್ನೊಂದು ಸಲ ಎತ್ತಿದ. ಅಕ್ಕ ಸೆರಗಿನ ತುದಿ ಬಾಯಿಗೆ ಕಚ್ಚಿಕೊಂಡು ನೋಡುತ್ತ ನಿಂತಿದ್ದಳು.

ಒಬ್ಬ ಹುಡುಗಿ ನಮ್ಮ ಹತ್ತಿರ ಬಂದು, "ಈ ರೂಟ್ ಎಷ್ಟು ಚೆನ್ನಾಗಿದೆ ಆಂಟಿ, ಒಂದು ಗಾಡಿ ಇಲ್ಲ, ಯಾರ ಕಾಟವೂ ಇಲ್ಲ" ಅಂದಳು.

"ನಮ್ಮಪ್ಪ ಮಾಡಿದ ರಸ್ತೆ" ಅಂದೆ.

"ಓ, ಕಂಟ್ರಾಕ್ಟರಾ?"

ಅಕ್ಕ ಅವಳ ಸೈಕಲ್ಲಿನ ಹ್ಯಾಂಡಲ್ಲನ್ನೇ ನೋಡುತ್ತಿದ್ದಳು. ಹುಡುಗಿ ಒಳ್ಳೆಯವಳು, ಸೈಕಲ್ಲನ್ನು ಅಕ್ಕನ ಕಡೆ ವಾಲಿಸಿ, "ಒಂದು ರೌಂಡ್ ಹೊಡೀತೀರಾ?" ಅಂದಳು. ಅಕ್ಕ ಹಿಡಿಯನ್ನು ಮುಟ್ಟಿದಳು. ಅವಳ ಹೆಬ್ಬೆರಳು ಬೆಲ್ಲನ್ನು ಹುಡುಕಿತು. ಬೆಲ್ಲಿರಲಿಲ್ಲ.

"ಬ್ಯಾಡ ಕಣವ್ವ" ಅಂದಳು. "ನಂಗೆ ಇಳಿಯಾಕೆ ಬರಾಕಿಲ್ಲ."

ಅವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಅವರು ಹೋದ ಮೇಲೆ ನಾವು ಸ್ಕೂಟರ್ ಹತ್ತಿ ಜಾರು ಇಳಿದೆವು. ಮೇಲಿನ ಬೀದಿಯ ಮೊದಲ ಮನೆ ಕಂಡ ಕೂಡಲೇ ಅಕ್ಕ ನನ್ನ ಹೆಗಲು ತಟ್ಟಿ, ನಿಲ್ಲಿಸು ಅಂದಳು. ನಿಲ್ಲಿಸಿದೆ. ಇಳಿದಳು.

"ನೀ ಮುಂದ್ಕ ಓಗು" ಅಂದಳು. "ಕಾಲು ನೋಯ್ತದ ಕಣಮ್ಮಿ, ನಡ್ಕ ಬತ್ತೀನಿ."